ಕನ್ಸೋಲಿಗೆ ಬೇರೆ ಲಿನಕ್ಸ್: ಬಾಗಿಲ ಬೀಗವೂ ಕೊಡಗಿನ ಕರೆಂಟೂ

ಕೊಡಗಿನ ಎಷ್ಟೋ ಮನೆಗಳಿಗೆ ಗೇಮ್ ಕನ್ಸೋಲ್ ಬಂದದ್ದು ಅಂಗಡಿಯಿಂದಲ್ಲ, ಸೂಟ್‌ಕೇಸಿನಲ್ಲಿ. ದುಬೈಯಿಂದ ಚಿಕ್ಕಪ್ಪ ತಂದ ಪ್ಲೇಸ್ಟೇಷನ್ ಟಿವಿಯ ಕೆಳಗೆ ಧೂಳು ತಿನ್ನುತ್ತಿರುತ್ತದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಈಚೆಗೆ ಕೊಂಡ, ಕೈಯಲ್ಲೇ ಹಿಡಿದು ಆಡುವ ಹ್ಯಾಂಡ್‌ಹೆಲ್ಡ್ ಪುತ್ತರಿಗೆ ಅವನ ಜೊತೆಯಲ್ಲೇ ಊರಿಗೆ ಬರುತ್ತದೆ. ಎರಡರ ಬಗ್ಗೆಯೂ ಈಗ ಕೇಳಿಬರುವ ಪ್ರಶ್ನೆ ಒಂದೇ: ಇದರಲ್ಲಿ ಇರುವುದರ ಬದಲು ಬೇರೆ ಆಪರೇಟಿಂಗ್ ಸಿಸ್ಟಂ, ಅಂದರೆ ನಮಗೆ ಬೇಕಾದ ಲಿನಕ್ಸ್, ಹಾಕಬಹುದೇ?

ಹಾಕಬಹುದು. ಆದರೆ ಈ ಎರಡು ಯಂತ್ರಗಳ ವಿಷಯದಲ್ಲಿ ಆ ಉತ್ತರಕ್ಕೆ ಇರುವ ಅರ್ಥ ಬೇರೆ ಬೇರೆ. ಒಂದರ ಬಾಗಿಲಿಗೆ ಕಂಪನಿಯ ಬೀಗ ಬಿದ್ದಿದೆ, ಇನ್ನೊಂದರ ಬಾಗಿಲು ತೆರೆದೇ ಇದೆ. ಬೀಗ ಮುರಿದು ಒಳಹೊಕ್ಕ ಲಿನಕ್ಸಿಗೂ ಬಾಗಿಲಿನಿಂದ ಒಳಬಂದ ಲಿನಕ್ಸಿಗೂ ಮೊದಲ ದಿನ ವ್ಯತ್ಯಾಸ ಕಾಣುವುದಿಲ್ಲ. ಜೂನ್ ತಿಂಗಳ ಮಳೆ ಹಿಡಿದು, ಕರೆಂಟು ದಿನಕ್ಕೆ ನಾಲ್ಕು ಸಲ ಹೋಗತೊಡಗಿದಾಗ ಕಾಣುತ್ತದೆ. ಹಾಕುವುದು ಒಂದು ಸಂಜೆಯ ಕೆಲಸ, ಅದನ್ನು ಸಾಕುವುದು ವರ್ಷಗಳ ಕೆಲಸ. ಈ ವಿಷಯದ ಬಗ್ಗೆ ಸಿಗುವ ವಿಡಿಯೊಗಳೆಲ್ಲ ಆ ಮೊದಲ ಸಂಜೆಗೇ ಮುಗಿದುಹೋಗುತ್ತವೆ.

ಮೊದಲು ಬೀಗದ ವಿಚಾರ. ಸಾಮಾನ್ಯ ಕಂಪ್ಯೂಟರಿಗೆ ಕರೆಂಟು ಬಂದೊಡನೆ ಅದರ ಫರ್ಮ್‌ವೇರ್ (ಯಂತ್ರದೊಳಗೇ ಕೂತಿರುವ ಮೂಲ ತಂತ್ರಾಂಶ) ಡಿಸ್ಕಿನಲ್ಲೋ ಪೆನ್‌ಡ್ರೈವಿನಲ್ಲೋ ಸಿಸ್ಟಂ ಎಬ್ಬಿಸುವ ಬೂಟ್‌ಲೋಡರ್ ಹುಡುಕಿ, ಸಿಕ್ಕಿದ್ದನ್ನು ಓಡಿಸುತ್ತದೆ. ಕನ್ಸೋಲಿನಲ್ಲಿ ಹಾಗಲ್ಲ. ಚಿಪ್ಪಿನೊಳಗೆ ಕಾರ್ಖಾನೆಯಲ್ಲೇ ಕೊರೆದಿಟ್ಟ ಪುಟ್ಟ ಪ್ರೋಗ್ರಾಮೊಂದು ಮುಂದಿನ ಹಂತದ ಡಿಜಿಟಲ್ ಸಹಿಯನ್ನು ಪರೀಕ್ಷಿಸುತ್ತದೆ. ಆ ಹಂತ ಅದರ ಮುಂದಿನದನ್ನು ಪರೀಕ್ಷಿಸುತ್ತದೆ. ಹೀಗೆ ಆಟ ಶುರುವಾಗುವವರೆಗೆ ಸರಪಳಿ. ಸಹಿ ಹಾಕುವ ಖಾಸಗಿ ಕೀಲಿ ಇರುವುದು ಕಂಪನಿಯ ಬಳಿ ಮಾತ್ರ. ಲಿನಕ್ಸ್ ಅಲ್ಲಿ ಓಡದಿರುವುದಕ್ಕೆ ಮುಖ್ಯ ಕಾರಣ ಅದಕ್ಕೆ ಆ ಸಹಿ ಇಲ್ಲದಿರುವುದು. ಯಂತ್ರ ನಮ್ಮದು, ದುಡ್ಡು ನಮ್ಮದು, ಅದರಲ್ಲಿ ಏನು ಓಡಬೇಕೆಂಬ ತೀರ್ಮಾನ ಮಾತ್ರ ಅವರದು.

ವಿಚಿತ್ರವೆಂದರೆ ಒಂದು ಕಾಲದಲ್ಲಿ ಸೋನಿ ಕಂಪನಿಯೇ ಈ ಬಾಗಿಲನ್ನು ತೆರೆದಿಟ್ಟಿತ್ತು. ಪ್ಲೇಸ್ಟೇಷನ್ 2ಕ್ಕೆ ಹಾರ್ಡ್‌ಡಿಸ್ಕ್, ಕೀಬೋರ್ಡ್, ಮೌಸ್ ಸಮೇತ ಲಿನಕ್ಸ್ ಕಿಟ್ ಮಾರಿತ್ತು. 2006ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 3ರ ಮೆನುವಿನಲ್ಲೇ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳುವ ಆಯ್ಕೆಯಿತ್ತು. ಯೆಲ್ಲೋ ಡಾಗ್ ಲಿನಕ್ಸ್ ಅದಕ್ಕೆಂದೇ ಸಿದ್ಧವಾಗಿ ಬಂತು. ಪೂರ್ತಿ ಸ್ವಾತಂತ್ರ್ಯವೇನಲ್ಲ: ಹೈಪರ್‌ವೈಸರ್ ಎಂಬ ಕಾವಲುಗಾರ ಗ್ರಾಫಿಕ್ಸ್ ಚಿಪ್ಪನ್ನು ಲಿನಕ್ಸಿನ ಕೈಗೆ ಕೊಡುತ್ತಿರಲಿಲ್ಲ. ಆದರೂ ಅದರ ಸೆಲ್ ಪ್ರೊಸೆಸರ್ ಲೆಕ್ಕ ಹಾಕುವುದರಲ್ಲಿ ಎಷ್ಟು ಚುರುಕಾಗಿತ್ತೆಂದರೆ, ಅಮೆರಿಕದ ವಾಯುಪಡೆಯ ಸಂಶೋಧನಾಲಯ ಸುಮಾರು 1,700 ಪ್ಲೇಸ್ಟೇಷನ್‌ಗಳನ್ನು ಜೋಡಿಸಿ ಕಾಂಡೋರ್ ಎಂಬ ಸೂಪರ್‌ಕಂಪ್ಯೂಟರ್ ಕಟ್ಟಿಕೊಂಡಿತು.

2010ರ ಜನವರಿಯಲ್ಲಿ ಜಾರ್ಜ್ ಹಾಟ್ಜ್ ಎಂಬ ತರುಣ ಆ ಹೈಪರ್‌ವೈಸರನ್ನು ಭೇದಿಸಿದ್ದಾಗಿ ಹೇಳಿದ. ಏಪ್ರಿಲ್ 1ರಂದು ಬಂದ 3.21ನೇ ಅಪ್‌ಡೇಟ್ ಲಿನಕ್ಸ್ ಆಯ್ಕೆಯನ್ನೇ ಅಳಿಸಿಹಾಕಿತು. ಅಪ್‌ಡೇಟ್ ಬೇಡವೆಂದವರಿಗೆ ಆನ್‌ಲೈನ್ ಆಟ ಬಂದ್. ಕೊಟ್ಟದ್ದನ್ನು ಮಾರಾಟದ ಮೂರು ವರ್ಷದ ನಂತರ ಕಿತ್ತುಕೊಳ್ಳಬಹುದೇ ಎಂಬ ಪ್ರಶ್ನೆ ಅಮೆರಿಕದ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಎಳೆದಾಡಿ, 2018ರಲ್ಲಿ 37.5 ಲಕ್ಷ ಡಾಲರುಗಳ ರಾಜಿಯಲ್ಲಿ ಮುಗಿಯಿತು. ಅರ್ಜಿ ಹಾಕಿದ ಗ್ರಾಹಕನ ಪಾಲಿಗೆ ಹೆಚ್ಚೆಂದರೆ 65 ಡಾಲರ್.

ಅದೇ 2010ರ ಡಿಸೆಂಬರಿನಲ್ಲಿ ಫೇಲ್‌ಓವರ್‌ಫ್ಲೋ ಎಂಬ ತಂಡ ತೋರಿಸಿದ ಸಂಗತಿ ಇನ್ನೂ ಸ್ವಾರಸ್ಯಕರ. ಸೋನಿ ಬಳಸುತ್ತಿದ್ದ ಸಹಿ ವಿಧಾನದಲ್ಲಿ ಪ್ರತಿ ಸಹಿಗೂ ಹೊಸದೊಂದು ಯಾದೃಚ್ಛಿಕ ಸಂಖ್ಯೆ ಬೇಕು. ಸೋನಿಯವರು ಪ್ರತಿಸಲವೂ ಒಂದೇ ಸಂಖ್ಯೆಯನ್ನು ಹಾಕಿದ್ದರು. ಹಾಗಾದಾಗ ಎರಡು ಸಹಿ ಕೈಯಲ್ಲಿದ್ದರೆ ಸಾಕು, ಎರಡು ಸಮೀಕರಣ, ಎರಡು ಅಜ್ಞಾತ. ಹೈಸ್ಕೂಲಿನ ಬೀಜಗಣಿತದ ಹಾದಿಯಲ್ಲೇ ಖಾಸಗಿ ಕೀಲಿ ಹೊರಬೀಳುತ್ತದೆ. ಕೋಟಿಗಟ್ಟಲೆ ಸುರಿದು ಕಟ್ಟಿದ ಕೋಟೆ ಒಂದು ಸಂಖ್ಯೆಯ ಸೋಮಾರಿತನಕ್ಕೆ ಬಿತ್ತು.

ನಂತರದ ಕನ್ಸೋಲುಗಳಿಗೆ ಲಿನಕ್ಸ್ ಹೋದದ್ದೆಲ್ಲ ಇಂಥ ಬಿರುಕುಗಳ ಮೂಲಕವೇ. ನಿಂಟೆಂಡೊ ಸ್ವಿಚ್‌ನ ಟೆಗ್ರಾ ಚಿಪ್ಪಿನಲ್ಲಿ 2018ರ ಏಪ್ರಿಲಿನಲ್ಲಿ ಬಹಿರಂಗವಾದ ದೋಷ ಚಿಪ್ಪಿನೊಳಗೆ ಕೊರೆದ ಪ್ರೋಗ್ರಾಮಿನಲ್ಲೇ ಇತ್ತು. ಬಲಗಡೆಯ ಜಾಯ್‌ಕಾನ್ ಎಂಬ ಕೈಹಿಡಿ ಕಳಚಿ, ಆ ಹಳಿಯಲ್ಲಿರುವ ಪಿನ್ನುಗಳಲ್ಲಿ ಸರಿಯಾದದ್ದನ್ನು ಸಣ್ಣ ತಂತಿಯ ತುಣುಕಿನಿಂದ ಕೂಡಿಸಿ, ಗುಂಡಿ ಒತ್ತಿದರೆ ಯಂತ್ರ ರಿಕವರಿ ಸ್ಥಿತಿಗೆ ಹೋಗಿ ಯುಎಸ್‌ಬಿ ಮೂಲಕ ಕಾಯುತ್ತ ಕೂರುತ್ತದೆ. ಅಲ್ಲಿಂದ ಉಬುಂಟು ಕೂಡ ಓಡುತ್ತದೆ. ಕೊರೆದದ್ದನ್ನು ಅಪ್‌ಡೇಟಿನಿಂದ ತಿದ್ದಲಾಗದು, ಹಾಗಾಗಿ ಮೊದಲ ವರ್ಷದ ಸ್ವಿಚ್‌ಗಳು ಇಂದಿಗೂ ತೆರೆದೇ ಇವೆ. ಆಮೇಲೆ ಬಂದವುಗಳಲ್ಲಿ ಚಿಪ್ಪನ್ನೇ ಸರಿಪಡಿಸಿದರು. ಹೀಗೆ ಮಾಡಿದವರ ಯಂತ್ರವನ್ನು ನಿಂಟೆಂಡೊ ತನ್ನ ಆನ್‌ಲೈನ್ ಸೇವೆಯಿಂದ ಹೊರಗಿಡಬಹುದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಪ್ಲೇಸ್ಟೇಷನ್ 4. ಅದರ ಒಳಗೆ ಎಎಂಡಿ ಪ್ರೊಸೆಸರ್, 8 ಜಿಬಿ ಮೆಮೊರಿ ಇದೆ. ಅಂದ ಮೇಲೆ ಅದು ಕಂಪ್ಯೂಟರೇ ತಾನೆ, ಲಿನಕ್ಸ್ ಹಾಕಿ ಮಗುವಿನ ಓದಿಗೆ ಕೊಡೋಣ ಎಂದು ಯಾರಿಗಾದರೂ ಅನ್ನಿಸುತ್ತದೆ. 2015ರ ಡಿಸೆಂಬರಿನಲ್ಲಿ ಅದೇ ಫೇಲ್‌ಓವರ್‌ಫ್ಲೋ ತಂಡ ಪಿಎಸ್4ರಲ್ಲಿ ಲಿನಕ್ಸ್ ಓಡಿಸಿ ತೋರಿಸಿದ್ದೂ ನಿಜ. ಆದರೆ ಪ್ರೊಸೆಸರ್ ಪಿಸಿಯದಾದ ಮಾತ್ರಕ್ಕೆ ಯಂತ್ರ ಪಿಸಿಯಾಗುವುದಿಲ್ಲ. ಪಿಸಿಯಲ್ಲಿ ಇದ್ದೇ ಇರುತ್ತವೆ ಎಂದು ಲಿನಕ್ಸ್ ನಂಬಿಕೊಂಡಿರುವ ಹಲವು ಹಳೆಯ ಭಾಗಗಳು ಅದರಲ್ಲಿಲ್ಲ. ಆದ್ದರಿಂದ ತೇಪೆ ಹಾಕಿದ ಪ್ರತ್ಯೇಕ ಕರ್ನೆಲ್ (ಸಿಸ್ಟಂನ ತಿರುಳು) ಬೇಕು, ಆ ತೇಪೆಗಳನ್ನು ನೋಡಿಕೊಳ್ಳುವವರು ಬೆರಳೆಣಿಕೆಯ ಹವ್ಯಾಸಿಗಳು. ಫೆಡೋರಾ, ಉಬುಂಟು ಎಂದು ಯಾವ ಹೆಸರಿನ ಡಿಸ್ಟ್ರಿಬ್ಯೂಷನ್ (ಲಿನಕ್ಸಿನ ಸಿದ್ಧ ಕಟ್ಟು) ಹಾಕಿದರೂ ಅಡಿಯಲ್ಲಿರುವುದು ಅವರದೇ ಕರ್ನೆಲ್.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಪಿಎಸ್4ರ ಬೀಗ ಮುರಿಯುವ ವಿಧಾನಗಳು ಯಂತ್ರದ ಮೆಮೊರಿಯಲ್ಲಿ ಮಾತ್ರ ಬದುಕುತ್ತವೆ. ಒಂದು ಫರ್ಮ್‌ವೇರಿನಲ್ಲಿ ಬ್ರೌಸರ್ ತೆರೆದು ವಿಶೇಷವಾಗಿ ಸಿದ್ಧಪಡಿಸಿದ ಪೆನ್‌ಡ್ರೈವ್ ಸಿಕ್ಕಿಸಬೇಕು. ಇನ್ನೊಂದರಲ್ಲಿ ನೆಟ್‌ವರ್ಕ್ ಕೇಬಲ್ ಮೂಲಕ ಬೇರೊಂದು ಪುಟ್ಟ ಕಂಪ್ಯೂಟರಿನಿಂದ ಪ್ಯಾಕೆಟ್ ಕಳುಹಿಸಬೇಕು. ಒಮ್ಮೆಗೇ ಯಶಸ್ವಿಯಾಗುತ್ತದೆಂಬ ಖಾತರಿಯಿಲ್ಲ. ಆದ ಮೇಲೆ ಲಿನಕ್ಸಿಗೆ ಜಿಗಿಯಬೇಕು. ಕರೆಂಟು ಹೋಯಿತೋ, ಮೆಮೊರಿ ಖಾಲಿ, ಯಂತ್ರ ಮತ್ತೆ ಸೋನಿಯ ಕೈಗೆ. ಮೊದಲಿನಿಂದ ಶುರು.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೂತವರಿಗೆ ಇದು ಸಣ್ಣ ಕಿರಿಕಿರಿ. ನಾಪೋಕ್ಲಿನಲ್ಲೋ ಶ್ರೀಮಂಗಲದಲ್ಲೋ ಇರುವವರಿಗೆ ಹಾಗಲ್ಲ. ಇಲ್ಲಿ ವಿದ್ಯುತ್ ತಂತಿ ಮನೆಗೆ ಬರುವುದೇ ಕಾಫಿ ತೋಟದ ನೆರಳಿನ ಮರಗಳ ನಡುವೆ ನುಸುಳಿಕೊಂಡು. ಗಾಳಿಮಳೆಗೆ ಒಂದು ಸಿಲ್ವರ್ ಓಕ್ ಕೊಂಬೆ ತಂತಿಯ ಮೇಲೆ ಬಿದ್ದರೆ ಸೆಸ್ಕ್‌ನ ಲೈನ್‌ಮನ್‌ಗಳು ಜಿಗಣೆ ಕಚ್ಚಿಸಿಕೊಂಡು ಅದನ್ನು ಹುಡುಕುವವರೆಗೆ ಕತ್ತಲೆ. ಒಳಗಿನ ಊರುಗಳಲ್ಲಿ ಅದು ದಿನಗಟ್ಟಲೆ ನಡೆಯುವುದೂ ಉಂಟು. ಮಳೆಗಾಲದಲ್ಲಿ ಪಿಎಸ್4 ಲಿನಕ್ಸ್ ಎಂದರೆ ಪ್ರತಿ ಮಿಂಚಿಗೂ ಬೀಗ ಮುರಿಯುವ ಕೆಲಸ. ಮಗು ಬರೆಯುತ್ತಿದ್ದ ಪ್ರಬಂಧದ ಗತಿಯನ್ನು ಹೇಳಬೇಕಾಗಿಲ್ಲ.

ಇನ್ವರ್ಟರ್ ಇದೆಯಲ್ಲ ಎನ್ನಬಹುದು. ಮನೆಯ 12 ವೋಲ್ಟಿನ, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಲೆಕ್ಕಕ್ಕೆ 1,800 ವ್ಯಾಟ್-ಅವರ್ ಇರುತ್ತದೆ. ಮೊದಲ ಮಾದರಿಯ ಪಿಎಸ್4 ದುಡಿಯುವಾಗ ನೂರು ವ್ಯಾಟ್ ಮೀರಿ ಕುಡಿಯುತ್ತದೆ, ಜೊತೆಗೆ ಟಿವಿ. ರಾತ್ರಿಯ ದೀಪಕ್ಕೂ ಅಮ್ಮನ ಮಿಕ್ಸಿಗೂ ಉಳಿಯಬೇಕಾದದ್ದನ್ನು ಇದೊಂದೇ ಮುಗಿಸುತ್ತದೆ. ಮೂಗಿಗಿಂತ ಮೂಗುತಿ ಭಾರ. ಓದಿಗೆ ಕಂಪ್ಯೂಟರ್ ಬೇಕಿದ್ದರೆ ಮೈಸೂರಿನಲ್ಲಿ ಸಿಗುವ, ಕಚೇರಿಗಳಿಂದ ಹೊರಬಿದ್ದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ತೆಗೆದುಕೊಂಡು ಅದಕ್ಕೆ ಲಿನಕ್ಸ್ ಹಾಕುವುದು ಎಲ್ಲ ರೀತಿಯಿಂದಲೂ ಮೇಲು. ಅದಕ್ಕೆ ಸ್ವಂತ ಬ್ಯಾಟರಿಯೂ ಇದೆ. ಹಳೆಯ ಪಿಎಸ್4 ಡಿಸ್ಕ್ ಹಾಕಿ ಆಡಿಕೊಂಡಿರಲಿ, ಅದಕ್ಕೆ ಬೇರೆ ಭಾರ ಹೊರಿಸುವುದು ಬೇಡ.

ತೆರೆದ ಬಾಗಿಲಿನ ಯಂತ್ರಗಳ ಕಥೆಯೇ ಬೇರೆ. 2022ರ ಫೆಬ್ರವರಿಯಲ್ಲಿ ವಾಲ್ವ್ ಕಂಪನಿ ತಂದ ಸ್ಟೀಮ್ ಡೆಕ್ ಹುಟ್ಟುತ್ತಲೇ ಲಿನಕ್ಸ್ ಯಂತ್ರ. ಅದರ ಸ್ಟೀಮ್‌ಓಎಸ್ ಆರ್ಚ್ ಲಿನಕ್ಸಿನ ಮೇಲೆ ಕಟ್ಟಿದ್ದು, ಡೆಸ್ಕ್‌ಟಾಪಿಗೆ ಕೆಡಿಇ ಪ್ಲಾಸ್ಮಾ. ವಿಂಡೋಸಿಗೆಂದು ಬರೆದ ಆಟಗಳನ್ನು ಪ್ರೋಟಾನ್ ಎಂಬ ಪದರ ಲಿನಕ್ಸಿನಲ್ಲಿ ಓಡಿಸುತ್ತದೆ. ಆಪರೇಟಿಂಗ್ ಸಿಸ್ಟಂ ಬದಲಿಸಿಕೊಳ್ಳಲು ಕಂಪನಿ ಅಡ್ಡಿ ಮಾಡುವುದಿಲ್ಲ. ಕೆಟ್ಟರೆ ಮೊದಲಿನಂತಾಗಿಸುವ ರಿಕವರಿ ಇಮೇಜನ್ನೂ ಪುಕ್ಕಟೆ ಕೊಡುತ್ತದೆ. ಡೆಕ್ ಬಿಡುಗಡೆಯಾದ ದೇಶಗಳ ಪಟ್ಟಿಯಲ್ಲಿ ಭಾರತ ಇರಲಿಲ್ಲ, ಹಾಗಾಗಿ ಅದೂ ಸೂಟ್‌ಕೇಸಿನ ಸರಕೇ. ಏಸಸ್‌ನ ರಾಗ್ ಅಲೈ ಮಾತ್ರ 2023ರ ಜುಲೈಯಲ್ಲಿ ನಮ್ಮ ಮಾರುಕಟ್ಟೆಗೇ ಬಂತು, ವಿಂಡೋಸ್ 11 ಹೊತ್ತುಕೊಂಡು.

ಲಿನಕ್ಸ್ ಇದ್ದೂ ಇನ್ನೊಂದು ಲಿನಕ್ಸ್ ಏಕೆ ಬೇಕು? ಡೆಕ್‌ನಲ್ಲಿ ಸಿಸ್ಟಂನ ಮೂಲಭಾಗ ಓದಲು ಮಾತ್ರ ಸಿಗುತ್ತದೆ. ಬೀಗ ತೆಗೆದು ಅಲ್ಲಿ ಏನಾದರೂ ಹಾಕಿಕೊಂಡರೆ ಮುಂದಿನ ಅಪ್‌ಡೇಟ್ ಅದನ್ನು ಗುಡಿಸಿ ಹಾಕುತ್ತದೆ. ಕನ್ನಡಿಗರಿಗೆ ಇದು ತಟ್ಟುವುದು ಟೈಪಿಂಗಿನಲ್ಲಿ. ಡೆಕ್‌ಗೆ ಕೀಬೋರ್ಡ್ ಜೋಡಿಸಿ ಡೆಸ್ಕ್‌ಟಾಪಿನಂತೆ ಬಳಸುವಾಗ, ಲಿನಕ್ಸಿನ ಮೂಲ ಕೀಬೋರ್ಡ್ ಪಟ್ಟಿಯಲ್ಲೇ ಕನ್ನಡದ ವಿನ್ಯಾಸಗಳು ಇವೆ, ಕಗಪ ಹೆಸರಿನದೂ ಇದೆ. ಆದರೆ ನುಡಿ ತಂತ್ರಾಂಶದಲ್ಲಿ ಪಳಗಿದ ಕೈಗೆ ಅದು ಹೊಂದುವುದಿಲ್ಲ, ಎಂ17ಎನ್ ಎಂಬ ಟೈಪಿಂಗ್ ಪ್ಯಾಕೇಜಿನಲ್ಲಿರುವ ಕೆಜಿಪಿ ವಿನ್ಯಾಸ ಬೇಕಾಗುತ್ತದೆ. ಸ್ಟೀಮ್‌ಓಎಸ್‌ನ ಮೂಲಭಾಗದಲ್ಲಿ ಅದನ್ನು ಕೂರಿಸಿದರೆ ಅಪ್‌ಡೇಟ್ ಬಂದಾಗಲೆಲ್ಲ ಮತ್ತೆ ಕೂರಿಸಬೇಕು. ಫೆಡೋರಾದ ಅಟಾಮಿಕ್ ಮಾದರಿಯ ಮೇಲೆ ಕಟ್ಟಿದ ಬಝೈಟ್ ಎಂಬ ಡಿಸ್ಟ್ರಿಬ್ಯೂಷನ್‌ನಲ್ಲಿ ಹೀಗೆ ಮೇಲಿಂದ ಸೇರಿಸಿದ ಪ್ಯಾಕೇಜುಗಳು ಅಪ್‌ಡೇಟ್ ದಾಟಿಯೂ ಉಳಿಯುತ್ತವೆ. ನನ್ನ ಮಟ್ಟಿಗೆ ಡೆಕ್‌ಗೆ ಬಝೈಟ್ ಹಾಕಲು ಇದಕ್ಕಿಂತ ಗಟ್ಟಿ ಕಾರಣ ಬೇರೆ ಕಾಣುವುದಿಲ್ಲ. ಬರೀ ಆಡುವವರು ಸ್ಟೀಮ್‌ಓಎಸ್ ಅನ್ನೇ ಇಟ್ಟುಕೊಳ್ಳುವುದು ಒಳ್ಳೆಯದು.

ಹಾಕುವ ಕ್ರಮ ಚಿಕ್ಕದು. ಇಮೇಜನ್ನು ಪೆನ್‌ಡ್ರೈವಿಗೆ ಬರೆದು, ಯಂತ್ರ ಪೂರ್ತಿ ಆರಿದ ಮೇಲೆ ಧ್ವನಿ ತಗ್ಗಿಸುವ ಗುಂಡಿ ಹಿಡಿದು ಪವರ್ ಒತ್ತಿ, ಸದ್ದು ಕೇಳಿದೊಡನೆ ಬಿಟ್ಟರೆ ಬೂಟ್ ಮೆನು ಬರುತ್ತದೆ. ಒಂದು ಮಾತು ನೆನಪಿರಲಿ: ಡೆಕ್‌ಗೆ ಇರುವುದು ಒಂದೇ ಯುಎಸ್‌ಬಿ-ಸಿ ಕಿಂಡಿ. ಅಲ್ಲಿ ಪೆನ್‌ಡ್ರೈವ್ ಕೂತರೆ ಚಾರ್ಜರಿಗೆ ಜಾಗವಿಲ್ಲ. ಚಾರ್ಜನ್ನೂ ಹಾಯಿಸುವ ಹಬ್ ಇಲ್ಲದಿದ್ದರೆ ಬ್ಯಾಟರಿ ತುಂಬಿಸಿಕೊಂಡೇ ಕೂರಬೇಕು. ಪರದೆಯ ಫಲಕ ಮೂಲತಃ ಉದ್ದುದ್ದನೆಯದು, ಅದನ್ನು ಅಡ್ಡಲಾಗಿ ಕೂರಿಸಿದ್ದಾರೆ. ಹಾಗಾಗಿ ಕೆಲವು ಹಂತಗಳಲ್ಲಿ ಅಕ್ಷರಗಳು ಮಲಗಿಕೊಂಡೇ ಕಾಣಿಸಿದರೆ ಗಾಬರಿ ಬೇಡ.

ಅಲೈನಲ್ಲಿ ಎಚ್ಚರಿಕೆ ಹೆಚ್ಚು ಬೇಕು. ಅದರಲ್ಲಿ ಸೆಕ್ಯೂರ್ ಬೂಟ್ ಚಾಲೂ ಇರುತ್ತದೆ. ಇದೂ ಸಹಿ ನೋಡುವ ಕಾವಲೇ, ಆದರೆ ಕನ್ಸೋಲಿನದಕ್ಕೂ ಇದಕ್ಕೂ ಮುಖ್ಯ ಅಂತರವೊಂದಿದೆ: ಇಲ್ಲಿ ಯಜಮಾನ ತನ್ನ ಕೀಲಿಯನ್ನು ಸೇರಿಸಬಹುದು. ಬಝೈಟ್ ಹಾಕಿದ ಮೇಲೆ ಮೊದಲ ಬೂಟಿನಲ್ಲಿ ನೀಲಿ ಪರದೆಯೊಂದು ಬಂದು ಕೀಲಿ ನೋಂದಾಯಿಸುವಿರಾ ಎಂದು ಕೇಳುತ್ತದೆ. ಅವಸರದಲ್ಲಿ ಅದನ್ನು ದಾಟಿಸಿದರೆ ಆಮೇಲೆ ಯಂತ್ರ ಮುಂದಕ್ಕೆ ಹೋಗಲೊಲ್ಲದು. ವಿಂಡೋಸನ್ನೂ ಉಳಿಸಿಕೊಳ್ಳುವವರು ಏನನ್ನೂ ಮುಟ್ಟುವ ಮೊದಲು ಬಿಟ್‌ಲಾಕರಿನ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ರಿಕವರಿ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಬೂಟ್ ವ್ಯವಸ್ಥೆ ಬದಲಾದದ್ದು ಕಂಡರೆ ವಿಂಡೋಸ್ ಆ 48 ಅಂಕಿಗಳನ್ನು ಕೇಳುತ್ತದೆ. ಅವು ಇರುವುದು ಮೈಕ್ರೋಸಾಫ್ಟ್ ಖಾತೆಯಲ್ಲಿ. ಖಾತೆ ತೆರೆಯಲು ನೆಟ್‌ವರ್ಕ್ ಬೇಕು. ಟವರಿನ ಬ್ಯಾಟರಿ ಮುಗಿದ ಸಂಜೆ ಅದು ಎಲ್ಲಿಂದ ಬರಬೇಕು?

ಈಗ ಕರೆಂಟಿನ ಪ್ರಶ್ನೆಯನ್ನು ಈ ಯಂತ್ರಗಳಿಗೂ ಕೇಳೋಣ. ಅಪ್‌ಡೇಟ್ ನಡುವೆ ಯಂತ್ರ ಆರಿದರೆ? ಹಳೆಯ ಮಾದರಿಯ ಲಿನಕ್ಸಿನಲ್ಲಿ ಓಡುತ್ತಿರುವ ಸಿಸ್ಟಂನ ಕಡತಗಳನ್ನೇ ಒಂದೊಂದಾಗಿ ಬದಲಿಸುತ್ತಾರೆ. ಅರ್ಧಕ್ಕೆ ನಿಂತರೆ ಅರ್ಧ ಹಳೆಯದು, ಅರ್ಧ ಹೊಸದು, ಬೂಟ್ ಆದರೆ ಪುಣ್ಯ. ಸ್ಟೀಮ್‌ಓಎಸ್‌ನಲ್ಲಿ ಮೂಲಭಾಗಕ್ಕೆ ಎರಡು ಪಾರ್ಟಿಷನ್‌ಗಳಿವೆ, ಅಂದರೆ ಡಿಸ್ಕಿನಲ್ಲಿ ಎರಡು ಪಾಲು. ಒಂದರಿಂದ ಯಂತ್ರ ಓಡುತ್ತಿರುವಾಗ ಹೊಸ ಆವೃತ್ತಿ ಇನ್ನೊಂದಕ್ಕೆ ಇಳಿಯುತ್ತದೆ. ಪೂರ್ತಿ ಇಳಿದ ಮೇಲಷ್ಟೇ ಬೂಟ್ ಅತ್ತ ತಿರುಗುತ್ತದೆ. ಬಝೈಟ್‌ನಲ್ಲಿ ಪಾರ್ಟಿಷನ್ ಒಂದೇ, ಆದರೆ ಹೊಸ ಆವೃತ್ತಿ ಹಳೆಯದರ ಪಕ್ಕದಲ್ಲಿ ಬೇರೆಯಾಗಿಯೇ ಕಟ್ಟಿಕೊಳ್ಳುತ್ತದೆ. ಎರಡೂ ಆವೃತ್ತಿಗಳ ನಡುವೆ ಬದಲಾಗದ ಕಡತಗಳನ್ನು ಮತ್ತೆ ನಕಲು ಮಾಡದೆ ಹಂಚಿಕೊಳ್ಳುತ್ತದೆ. ಬೂಟ್ ಪಟ್ಟಿಯ ಸಾಲು ಬದಲಾಗುವುದು ಕಟ್ಟಕಡೆಗೆ. ಮಧ್ಯದಲ್ಲಿ ಏನೇ ಆದರೂ ನಿನ್ನೆಯ ಸಿಸ್ಟಂ ಹಾಗೆಯೇ ಏಳುತ್ತದೆ. ಹೊಸದು ಹಿಡಿಸದಿದ್ದರೆ ಬೂಟ್ ಮೆನುವಿನಲ್ಲಿ ಹಳೆಯದನ್ನು ಆರಿಸಿಕೊಳ್ಳಬಹುದು. ಹತ್ತಿರದಲ್ಲಿ ರಿಪೇರಿಯವರಿಲ್ಲದ ಊರಿಗೆ ಇದಕ್ಕಿಂತ ದೊಡ್ಡ ಸೌಲಭ್ಯ ಇಲ್ಲ. ಗ್ರಾಫಿಕ್ಸ್ ವೇಗದ ಹೋಲಿಕೆಯನ್ನೆಲ್ಲ ಆಮೇಲೆ ನೋಡಿಕೊಳ್ಳಬಹುದು. ಮೊದಲ ಡೆಕ್‌ನ ಬ್ಯಾಟರಿ 40 ವ್ಯಾಟ್-ಅವರ್, ಅಂದರೆ ಮೇಲೆ ಹೇಳಿದ ಇನ್ವರ್ಟರಿಗೆ ಅದನ್ನು ತುಂಬಿಸುವುದು ಲೆಕ್ಕಕ್ಕೇ ಇಲ್ಲದ ಕೆಲಸ.

ಇದರ ಬೆಲೆ ಡೇಟಾ. ಬಝೈಟ್‌ನ ಇಮೇಜ್ ಹಲವು ಜಿಬಿ ತೂಗುತ್ತದೆ, ನಂತರದ ಅಪ್‌ಡೇಟುಗಳೂ ಹಗುರವಲ್ಲ. ದಿನಕ್ಕೆ ಒಂದೂವರೆ ಎರಡು ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಬದುಕುವ ಮನೆಯಲ್ಲಿ ಸ್ವಯಂ ಅಪ್‌ಡೇಟ್ ಮೊದಲು ನಿಲ್ಲಿಸಬೇಕು. ಆಟಗಳ ಶೇಡರ್ ಕಡತಗಳನ್ನು (ಚಿತ್ರ ಮೂಡಿಸುವ ಪುಟ್ಟ ಪ್ರೋಗ್ರಾಮುಗಳು) ವಾಲ್ವ್‌ನ ಆಟದಂಗಡಿ ಸ್ಟೀಮ್ ಮುಂಚಿತವಾಗಿ ತರಿಸಿಟ್ಟುಕೊಳ್ಳುವುದನ್ನೂ ಸೆಟ್ಟಿಂಗಿನಲ್ಲಿ ನಿಲ್ಲಿಸಬಹುದು; ಆಟ ಶುರುವಿನಲ್ಲಿ ಸ್ವಲ್ಪ ತಡವರಿಸುತ್ತದೆ, ಅಷ್ಟೇ. ಉಳಿದದ್ದನ್ನು ಮಡಿಕೇರಿಗೋ ಮೈಸೂರಿಗೋ ಹೋದಾಗ ಫೈಬರ್ ಇರುವ ಮನೆಯಲ್ಲಿ ಇಳಿಸಿಕೊಳ್ಳುವುದು.

ಎಲ್ಲ ಆಟವೂ ಓಡುತ್ತದೆಂದು ಮಾತ್ರ ಯಾರೂ ನಂಬಬಾರದು. ಮೋಸ ತಡೆಯುವ ತಂತ್ರಾಂಶಗಳು ವಿಂಡೋಸಿನ ಕರ್ನೆಲ್ಲಿಗೇ ಅಂಟಿಕೊಂಡಿರುವುದರಿಂದ ವ್ಯಾಲೊರಂಟ್, ಫೋರ್ಟ್‌ನೈಟ್‌ಗಳನ್ನು ಲಿನಕ್ಸಿನಲ್ಲಿ ಆಡಲಾಗದು. ಓಡುತ್ತಿದ್ದದ್ದೂ ನಿಲ್ಲಬಹುದು: ಏಪೆಕ್ಸ್ ಲೆಜೆಂಡ್ಸ್ 2024ರ ಅಕ್ಟೋಬರ್ ಕೊನೆಯಲ್ಲಿ ಲಿನಕ್ಸ್ ಆಟಗಾರರನ್ನು ಹೊರಹಾಕಿತು. ತಮ್ಮನ ಗೆಳೆಯರ ಬಳಗವೆಲ್ಲ ವ್ಯಾಲೊರಂಟಿನಲ್ಲಿದ್ದರೆ ಅವನ ಅಲೈನಿಂದ ವಿಂಡೋಸ್ ತೆಗೆಯುವುದು ಮನೆಯಲ್ಲಿ ಜಗಳಕ್ಕೆ ದಾರಿ.

ಬಝೈಟ್‌ನಂಥವು ಸ್ವಯಂಸೇವಕರ ಬಲದ ಮೇಲೆ ನಿಂತಿವೆ ಎಂಬುದೂ ಗೊತ್ತಿರಬೇಕು. 2025ರ ಜೂನ್‌ನಲ್ಲಿ ಫೆಡೋರಾದಿಂದ ಹಳೆಯ ಮಾದರಿಯ 32 ಬಿಟ್ ಪ್ಯಾಕೇಜುಗಳನ್ನು ಕೈಬಿಡುವ ಪ್ರಸ್ತಾಪ ಬಂದಾಗ, ಸ್ಟೀಮ್ ಆಗ ಅವುಗಳನ್ನೇ ನೆಚ್ಚಿಕೊಂಡಿದ್ದರಿಂದ, ಹಾಗಾದರೆ ನಾವು ಯೋಜನೆಯನ್ನೇ ಮುಚ್ಚಬೇಕಾದೀತು ಎಂದು ಬಝೈಟ್ ಸ್ಥಾಪಕರು ಹೇಳಿದರು. ಪ್ರಸ್ತಾಪವನ್ನು ಹಿಂತೆಗೆದುಕೊಂಡರು, ಗಂಡಾಂತರ ತಪ್ಪಿತು. ಇತ್ತ ವಾಲ್ವ್ ಅದೇ ವರ್ಷದ ಮೇ ತಿಂಗಳಲ್ಲಿ ತನ್ನ ಸ್ಟೀಮ್‌ಓಎಸ್ ಅನ್ನು ಅಲೈ, ಲೆನೊವೊ ಲೀಜನ್ ಗೋಗಳಂಥ ಬೇರೆ ಕಂಪನಿಗಳ ಯಂತ್ರಗಳಿಗೂ ವಿಸ್ತರಿಸತೊಡಗಿತು. ಬಾಗಿಲು ತೆರೆದಿರುವ ಯಂತ್ರದ ಲಾಭ ಇದೇ: ಒಂದು ಡಿಸ್ಟ್ರಿಬ್ಯೂಷನ್ ಕಣ್ಮುಚ್ಚಿದರೆ ಇನ್ನೊಂದನ್ನು ಕರೆತರಬಹುದು. ಪಿಎಸ್4ರಲ್ಲಿ ಆ ಕೆಲವೇ ಹವ್ಯಾಸಿಗಳು ಕೈಬಿಟ್ಟರೆ ಮುಗಿಯಿತು.

ಕಾನೂನಿನ ಭಯ ಹಲವರಿಗೆ ಇದೆ. ತೆರೆದ ಹ್ಯಾಂಡ್‌ಹೆಲ್ಡ್‌ಗೆ ಲಿನಕ್ಸ್ ಹಾಕುವುದರಲ್ಲಿ ಯಾವ ಬೀಗವನ್ನೂ ಮುರಿಯುತ್ತಿಲ್ಲ, ಹಾಗಾಗಿ ಪ್ರಶ್ನೆಯೇ ಏಳುವುದಿಲ್ಲ. ಬೀಗವಿರುವ ಕನ್ಸೋಲಿನ ವಿಷಯಕ್ಕೆ ಬಂದರೆ, ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು ರಕ್ಷಣಾ ತಂತ್ರವನ್ನು ಭೇದಿಸುವುದಕ್ಕೆ ಎರಡು ವರ್ಷದವರೆಗೆ ಸೆರೆವಾಸ, ದಂಡ ಎನ್ನುತ್ತದೆ. ಆದರೆ ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಹಾಗೆ ಮಾಡಿದಾಗ ಎಂಬ ಷರತ್ತು ಅದರಲ್ಲೇ ಇದೆ. ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕೆ ಮಾಡುವುದನ್ನು ಅದು ತಡೆಯುವುದಿಲ್ಲ. ಇದೇ ವಿಷಯದ ಅಮೆರಿಕದ 1998ರ ಕಾಯ್ದೆಗಿಂತ ಇದು ಸಡಿಲ. ಸ್ವಂತ ಯಂತ್ರದಲ್ಲಿ ಲಿನಕ್ಸ್ ಓಡಿಸುವವನಿಗೂ ಕಳ್ಳಪ್ರತಿ ಆಟ ತುಂಬಿಸಿ ಮಾರುವವನಿಗೂ ಕಾನೂನು ವ್ಯತ್ಯಾಸ ಮಾಡಿದೆ ಎಂದೇ ನಾನು ಓದಿಕೊಳ್ಳುತ್ತೇನೆ. ಅಂಗಡಿಯಲ್ಲಿ ಮೊದಲನೆಯದರ ಹೆಸರು ಹೇಳಿ ಎರಡನೆಯದನ್ನು ಮಾಡಿಕೊಡುವವರಿದ್ದಾರೆ, ಅವರಿಂದ ದೂರವಿರಬೇಕು.

ವಾರಂಟಿ ಬೇರೆ ವಿಷಯ. ಮಳೆಗಾಲದ ತೇವಕ್ಕೆ ಸ್ಟಿಕ್ಕುಗಳು ಜಾರತೊಡಗಿ, ಫ್ಯಾನಿಗೆ ಬೂಷ್ಟು ಹಿಡಿದು ಅಲೈಯನ್ನು ಸರ್ವಿಸ್ ಸೆಂಟರಿಗೆ ಕಳುಹಿಸಬೇಕಾದಾಗ, ತೊಂದರೆ ಹಾರ್ಡ್‌ವೇರಿನದೇ ಆಗಿದ್ದರೂ ಪರದೆಯ ಮೇಲೆ ಅಪರಿಚಿತ ಸಿಸ್ಟಂ ಕಂಡರೆ ಅನಗತ್ಯ ಮಾತು ಬೆಳೆಯುತ್ತದೆ. ವಿಂಡೋಸನ್ನು ಹಿಂದಕ್ಕೆ ಹಾಕಿ ಕೊಡುವುದು ಲೇಸು. ಅದಕ್ಕೆ ಬಯೋಸ್‌ನಲ್ಲೇ (ಫರ್ಮ್‌ವೇರಿನ ಮೆನು) ಕ್ಲೌಡ್ ರಿಕವರಿ ಆಯ್ಕೆ ಇದೆ, ವೈಫೈ ಮೂಲಕ ಎಲ್ಲವನ್ನೂ ಕಂಪನಿಯ ಸರ್ವರಿನಿಂದ ಇಳಿಸಿಕೊಳ್ಳುತ್ತದೆ. ಅದು ಹಲವು ಜಿಬಿಯ ಇಳಿಕೆ, ಊರಿನ ಮೊಬೈಲ್ ಹಾಟ್‌ಸ್ಪಾಟಿಗೆ ಆಗುವ ಕೆಲಸವಲ್ಲ. ಯಂತ್ರವನ್ನು ಮೈಸೂರಿಗೆ ಒಯ್ಯುವ ದಿನ, ಕೊಡುವ ಮೊದಲು ಅಲ್ಲೇ ಒಳ್ಳೆಯ ನೆಟ್‌ವರ್ಕ್ ಇರುವ ಕಡೆ ಚಾರ್ಜರ್ ಸಿಕ್ಕಿಸಿ ಮುಗಿಸಿಕೊಳ್ಳಿ. ಒಳಗಿನ ಡಿಸ್ಕ್ ಪೂರ್ತಿ ಅಳಿಸಿಹೋಗುವುದರಿಂದ ಫೋಟೊ, ಸೇವ್ ಕಡತಗಳನ್ನು ಹಿಂದಿನ ರಾತ್ರಿಯೇ ಪೆನ್‌ಡ್ರೈವಿಗೆ ಎತ್ತಿಟ್ಟುಕೊಂಡಿರಿ.